ಹೊಂಗೆಯವರು

“ನನಗೆ ‘ನೀನು’, ಆ ಗಿಡಕ್ಕೆ ‘ಅವರು’! ಇದ್ಯಾವ ಊರಿನ ನ್ಯಾಯ ಹೇಳು!”

ಎರ್ರಿಸ್ವಾಮಿ ತಟ್ಟೆ ದೂಡಿದ ರಭಸಕ್ಕೆ ರೊಟ್ಟಿ ಜಾರಿ ನೆಲಕ್ಕೆ ಬಿತ್ತು. ಹುಲಿಗೆಮ್ಮ ಫೋನನ್ನು ಕಿವಿಯಿಂದ ತೆಗೆಯದೆ, ಗಂಡನ ಕಡೆ ಅಂಗೈ ತೋರಿಸಿ ‘ತಡಿ’ ಎಂದಳು. ಆ ಅಂಗೈ ಅವನ ಸಿಟ್ಟಿಗೆ ಇನ್ನೊಂದಿಷ್ಟು ಸೀಮೆಎಣ್ಣೆ ಸುರಿಯಿತು.

“ಹೂಂ ಜುಬೇದಾ… ಇಲ್ಲವ್ವ, ಅವರು ಬೆಳಿಗ್ಗೇನೇ ಬಾಯಿ ಮುಚ್ಕೊಂಡಾರೆ. ಬರೀ ಕರೆದ್ರೆ ತೆಗೆಯಲ್ಲ. ಮೊದಲು ಒಂದು ಗುಟುಕು ನೀರು ಬಿಡು, ಆಮೇಲೆ ಕರಿ. ನಾನು ಬಂದುಬಿಟ್ಟೆ.” ಫೋನು ಕೆಳಗಿಟ್ಟು ಗಂಡನನ್ನು ನೋಡಿದಳು. “ಏನಾಯ್ತೀಗ?”

“ಏನಾಯ್ತಾ? ಮದುವೆಯಾಗಿ ತಲೆ ನೆರೆಯೋಕೆ ಬಂತು. ಒಂದು ದಿನ ನನ್ನ ‘ಅವರು’ ಅಂದೀಯೇನು? ಓಣಿ ಹೆಂಗಸರ ಮುಂದೆ ‘ನಮ್ಮನೆಯವನು’ ಅಂತೀಯ, ‘ಆ ಪುಣ್ಯಾತ್ಮ’ ಅಂತೀಯ. ನಾಯಿ ಬಂದ್ರೆ ನಾಯಿ ಬಂತು ಅಂತೀಯ, ನಾನು ಬಂದ್ರೆ ಅದೂ ಇಲ್ಲ!”

“ನೆರಳು ಕೋಣೇಲಿ ಕೆಲಸ ಮಾಡೋರು ಎಲ್ಲಾ ಗಿಡಕ್ಕೂ ಹಂಗೇ ಅಂತೀವಿ.”

“ಸುಳ್ಳು! ನಿನ್ನೆ ಆಸ್ಪತ್ರೆ ಮುಂದಿನ ಬೇವಿಗೆ ‘ಅದು’ ಅಂದೆ. ಸಂತೆ ಬಯಲಿನ ಆಲಕ್ಕೂ ‘ಅದು’. ಗಾಣದ ಓಣಿ ಹೊಂಗೆಗೆ ಮಾತ್ರ ‘ಅವರು’. ಯಾಕಂದ್ರೆ ಅದು ನಿನ್ನ ಮೊದಲನೇ ಗಂಡ. ಹೌದಿಲ್ಲ?”

ಹುಲಿಗೆಮ್ಮ ಅವನ ಮುಖ ನೋಡಿದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳು ಬೈದಿದ್ದರೆ ಅವನೂ ತಿರುಗಿ ಬೈದು ಸುಮ್ಮನಾಗುತ್ತಿದ್ದ. ನಕ್ಕದ್ದು ಮಾತ್ರ ಮುಳ್ಳಿನಂತೆ ಒಳಗೆ ಮುರಿದುಕೊಂಡಿತು.

ಈ ಮೊದಲನೇ ಗಂಡನ ಕಥೆ ಎರ್ರಿಸ್ವಾಮಿಗೆ ಗೊತ್ತಾಗಿದ್ದೇ ಮೊನ್ನೆ, ಒಂದು ನಾಮಕರಣದ ಪಂಗ್ತಿಯಲ್ಲಿ. ಹುಲಿಗೆಮ್ಮನ ಸೋದರತ್ತೆ ಸಣ್ಣೀರಮ್ಮ ಅನ್ನುವ ಮುದುಕಿಗೆ ಬಾಯಲ್ಲಿ ಹಲ್ಲಿಲ್ಲದಿದ್ದರೂ ಮಾತಿಗೆ ಹಲ್ಲಿತ್ತು. ಹುಡುಗಿಯ ಜಾತಕದಲ್ಲಿ ಕುಜ ಕೂತಿದ್ದನಂತೆ. ಮೊದಲನೇ ಗಂಡ ಉಳಿಯುವುದಿಲ್ಲ ಎಂದು ಜೋಯಿಸರು ಹೇಳಿದರಂತೆ. ಅದಕ್ಕೆ ಮದ್ದು ಎಲ್ಲರಿಗೂ ಗೊತ್ತಿದ್ದದ್ದೇ: ಮೊದಲು ಬಾಳೆ ಗಿಡಕ್ಕೆ ಮದುವೆ ಮಾಡಬೇಕು, ತಾಳಿ ಬಿದ್ದ ಮೇಲೆ ಬಾಳೆಯನ್ನು ಕಡಿದು ಕೆಡವಬೇಕು, ಸತ್ತ ಗಂಡನ ಋಣ ತೊಳೆದುಹೋಗಲೆಂದು ಹುಡುಗಿಯ ತಲೆ ಮೇಲೆ ನೀರು ಹೊಯ್ಯಬೇಕು. ಕಂಟಕ ಬಾಳೆಗೆ ಹೋಗುತ್ತದೆ, ಆಮೇಲೆ ಬರುವ ಗಂಡ ಗಟ್ಟಿಯಾಗಿರುತ್ತಾನೆ. ಆದರೆ ಆ ವರ್ಷದ ಬೇಸಿಗೆಗೆ ತೋಟಗಳೆಲ್ಲ ಸುಟ್ಟು, ಬಳ್ಳಾರಿ ಪೇಟೆಯಲ್ಲಿ ಒಂದು ಬಾಳೆ ಕಂಬ ಸಿಗಲಿಲ್ಲ. ಮುಹೂರ್ತ ಮೀರುತ್ತಿತ್ತು. ಹುಲಿಗೆಮ್ಮನ ಅಪ್ಪ ಮಗಳ ಕೈ ಹಿಡಿದು ದರದರ ಎಳೆದುಕೊಂಡು ಹೋಗಿ, ಓಣಿಯ ತುದಿಯ ಹೊಂಗೆ ಮರಕ್ಕೇ ಅರಿಶಿನದ ದಾರ ಸುತ್ತಿಸಿದ.

“ಧಾರೆ ಆಯ್ತು. ಈಗ ಕಡೀಬೇಕಲ್ಲ?” ಎಂದು ಸಣ್ಣೀರಮ್ಮ ಎಲೆಯ ಮೇಲಿನ ಪಾಯಸ ಬೆರಳಿನಿಂದ ಬಳಿಯುತ್ತ ಹೇಳಿದ್ದಳು. “ನಮ್ಮಣ್ಣ ಕೊಡಲಿ ಎತ್ತಿದ. ನೋಡ್ತಾನೆ, ಗಿಡದ ಕೆಳಗೆ ಸೊಪ್ಪು ಮಾರೋ ಹೆಂಗಸರು, ಕೂಸು ಮಲಗಿಸಿಕೊಂಡು ಕೂತಾರೆ. ಕೈ ಬರಲಿಲ್ಲ ಅವನಿಗೆ. ಒಂದು ಚಿಗುರು ಕಡ್ಡಿ ಲಟಕ್ಕನೆ ಮುರಿದ. ‘ತಗೊಳ್ರಿ ಜೋಯಿಸರೆ, ಸತ್ತ ಅಂತ ತಿಳ್ಕೊಳ್ರಿ’ ಅಂದ. ಅವರಿಗೆ ಇನ್ನೊಂದು ಮದುವೆಗೆ ಹೊತ್ತಾಗಿತ್ತು, ‘ಸತ್ತ ಸತ್ತ’ ಅಂತ ಓಡಿದ್ರು. ತಲೆ ಮೇಲೆ ನೀರು ಹೊಯ್ಯೋದೂ ಮರೆತ್ರು. ಎಲ್ಲಿ ಸತ್ತಾನೆ? ಇವತ್ತಿಗೂ ಬೀದಿ ತುಂಬ ಹರಡ್ಕೊಂಡು ನಿಂತಾನೆ. ಶಾಸ್ತ್ರದ ಪ್ರಕಾರ ನಮ್ಮ ಹುಲಿಗಿ ಇನ್ನೂ ಹೊಂಗೆ ಹೆಂಡ್ತಿ. ಎರ್ರಿಸ್ವಾಮಿ, ನೀನು ಇಟ್ಕೊಂಡವನಪ್ಪ!”

ಪಂಗ್ತಿಗೆ ಪಂಗ್ತಿಯೇ ಬಿದ್ದು ಬಿದ್ದು ನಕ್ಕಿತು. ಎರ್ರಿಸ್ವಾಮಿ ಪಾಯಸ ಮುಟ್ಟದೆ ಎದ್ದ. ಗಿಡದ ಮೇಲೆ ಹೊಟ್ಟೆಕಿಚ್ಚು ಪಡುವ ಗಂಡಸು ಲೋಕದಲ್ಲಿ ಯಾರಾದರೂ ಇದ್ದಾನೆಯೇ ಎಂದು ಕೇಳಿದರೆ ಅವನೂ ನಗುತ್ತಿದ್ದನೇನೋ. ಆದರೆ ಎದುರಾಳಿಗೆ ಕಾಲಿದೆಯೇ ಬೇರಿದೆಯೇ ಎಂದು ನೋಡುವ ಕಣ್ಣು ಹೊಟ್ಟೆಕಿಚ್ಚಿಗಿಲ್ಲ.

ಇದು ಮರಗಳಿಗೆ ಬಳೆ ತೊಡಿಸಿದ ಕಾಲದ ಮಾತು. ಬಳ್ಳಾರಿಯ ಬಿಸಿಲು ಮೊದಲೂ ಬಿಸಿಲೇ. ಆದರೆ ಈಗಿನದು ಬೇರೆ ಜಾತಿಯದು. ಊರ ನಡುವಿನ ಕಲ್ಲುಗುಡ್ಡ ಹಗಲೆಲ್ಲ ಬೆಂಕಿ ಕುಡಿದು ರಾತ್ರಿಯೆಲ್ಲ ಕಾರುತ್ತಿತ್ತು. ಜೀನ್ಸ್ ಹೊಲಿಯುವ ಹೆಂಗಸರು ಕೋಳಿ ಕೂಗುವ ಮೊದಲೇ ಮಿಷನ್ನಿಗೆ ಕೂತು, ಬಿಸಿಲೇರುವ ಮೊದಲು ಬಾಗಿಲು ಹಾಕಿಕೊಳ್ಳುತ್ತಿದ್ದರು. ಮಧ್ಯಾಹ್ನ ಬೀದಿಗಿಳಿಯಬೇಕಾದವರು ನೆರಳಿನ ದಾರಿ ಕೇಳಿಕೊಂಡು ಇಳಿಯಬೇಕು. ಯಾವ ಬೀದಿಯಲ್ಲಿ ಯಾವ ಮರ, ಅದರ ಕೆಳಗೆ ಈಗ ಎಷ್ಟು ತಂಪು ಎಂಬುದನ್ನೆಲ್ಲ ಹೇಳುವುದು ನೆರಳು ಕೋಣೆ. ಹುಲಿಗೆಮ್ಮನ ಕೆಲಸ ಅಲ್ಲಿ.

ಮರ ತಂಪು ಕೊಡುವುದು ಬರೀ ನೆರಳಿನಿಂದಲ್ಲ. ಎಲೆಯ ತಳದಲ್ಲಿ ಕಣ್ಣಿಗೆ ಕಾಣದಂಥ ಬಾಯಿಗಳಿವೆ. ಅವು ತೆರೆದಾಗ ಬೇರಿನಿಂದ ಏರಿದ ನೀರು ಆವಿಯಾಗಿ ಹೊರಬೀಳುತ್ತದೆ, ಸುತ್ತಲಿನ ಸೆಕೆಯನ್ನು ಎಳೆದುಕೊಂಡು ಹೋಗುತ್ತದೆ. ಹುಲ್ಲಿನ ಮೆತ್ತೆಗೆ ನೀರು ಇಳಿಸಿ ಗಾಳಿ ಹಾಯಿಸುವ ಕೂಲರಿನದೂ ಇದೇ ಕಸುಬು. ಆದರೆ ಬಿಸಿಲು ಹದ ಮೀರಿದರೆ ಮರ ಜೀವ ಉಳಿಸಿಕೊಳ್ಳಲು ಬಾಯಿ ಮುಚ್ಚುತ್ತದೆ. ಜನಕ್ಕೆ ತಂಪು ಬೇಕಾದ ಹೊತ್ತಿಗೇ ಮರ ಮೌನಿ. ಅದಕ್ಕೇ ಬಳೆ ಬಂತು. ಬುಡಕ್ಕೆ ಸುತ್ತಿದ ತೆಳ್ಳನೆ ಲೋಹದ ಪಟ್ಟಿ, ಒಳಗೆ ರಸ ಎಷ್ಟು ಓಡುತ್ತಿದೆ ಎಂದು ಅಳೆದು ಕೋಣೆಯ ನಕ್ಷೆಗೆ ಕಳಿಸುತ್ತಿತ್ತು. ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು: ಕೋಣೆಯಿಂದ ಸನ್ನೆ ಬಂದರೆ ಸಣ್ಣ ಮಿಡಿತಗಳನ್ನು ಕಾಂಡಕ್ಕೆ ಹಾಯಿಸುತ್ತಿತ್ತು. ‘ನೀರಿದೆ, ಬಾಯಿ ತೆರೆ’ ಎಂದು ಬೇರು ಎಲೆಗೆ ಹೇಳುವ ಭಾಷೆ ಅದೇ ಎಂದು ಯಾರೋ ಪುಣ್ಯಾತ್ಮರು ಕಂಡುಹಿಡಿದಿದ್ದರು. ಇದಕ್ಕೆ ‘ಕರೆಯುವುದು’ ಎಂದು ಹೆಸರು. ಕರೆದ ಕೂಡಲೇ ಬುಡದ ಕೊಳವೆಯಲ್ಲಿ ನೀರು ಬಿಡಬೇಕು. ಕರೆದು ನೀರು ಕೊಡದಿದ್ದರೆ ಮರ ನಂಬಿ ಕೆಡುತ್ತದೆ.

ಎರ್ರಿಸ್ವಾಮಿಯದು ಕೂಲರ್ ರಿಪೇರಿ ಅಂಗಡಿ. ಬಳೆಗಳಿಗೆ ತುಕ್ಕು ಹಿಡಿದರೆ, ತಂತಿ ಸಡಿಲಾದರೆ ನೋಡಿಕೊಳ್ಳುವ ಕೆಲಸವೂ ಅವನದೇ. ಅದಕ್ಕೊಂದು ಪರೀಕ್ಷೆಯ ಕಡ್ಡಿ ಕೊಟ್ಟಿದ್ದರು, ಅದರ ಗುಂಡಿ ತಟ್ಟಿಯೂ ಮರವನ್ನು ಕರೆಯಬಹುದಿತ್ತು. ಕಡ್ಡಿಯನ್ನು ಬಳೆಗೆ ಚುಚ್ಚಿದರೆ ಆ ಮರ ನಕ್ಷೆಯಲ್ಲಿ ಬೂದು ಬಣ್ಣಕ್ಕೆ ತಿರುಗುತ್ತದೆ. ರಿಪೇರಿ ನಡೆದಿದೆ ಎಂದರ್ಥ. ಕೆಲಸಗಾರನ ಮೈಮೇಲೆ ನೀರು ನುಗ್ಗದಂತೆ ಕೊಳವೆಯೂ ಅಷ್ಟು ಹೊತ್ತು ಬೀಗ ಹಾಕಿಕೊಳ್ಳುತ್ತದೆ.

ಜಗಳವಾದ ಮರುದಿನ ನೆರಳು ಕೋಣೆಯಿಂದಲೇ ಅವನಿಗೆ ಕರೆ ಬಂತು. ಅಲ್ಲಿನ ಕೂಲರ್ ಕೆಟ್ಟಿತ್ತು.

“ಊರಿಗೆಲ್ಲ ತಂಪು ಹಂಚೋರು, ನಿಮಗೇ ಕೂಲರ್ ಬೇಕಾ?” ಎಂದು ಅವನು ಬಾಗಿಲಲ್ಲೇ ಕೊಂಕು ನುಡಿದ.

“ಏನ್ಮಾಡೋದಣ್ಣಾ, ಈ ಮಿಷನ್ನುಗಳಿಗೆ ನಮಗಿಂತ ಸೆಕೆ,” ಎಂದಳು ಜುಬೇದಾ. ಹುಲಿಗೆಮ್ಮನ ಜೊತೆ ಕೆಲಸ ಮಾಡುವ ಹುಡುಗಿ ಅವಳು. ಮಾತು ಅವಳ ಬಾಯಿಂದ ಹುರಿದ ಶೇಂಗಾದಂತೆ ಪಟಪಟ ಉದುರುತ್ತಿತ್ತು.

ಗೋಡೆಯ ತುಂಬ ಊರು ನಕ್ಷೆಯಾಗಿ ಮಲಗಿತ್ತು. ಹಸಿರು ಚುಕ್ಕೆ, ಹಳದಿ ಚುಕ್ಕೆ, ಕೆಂಪು ಚುಕ್ಕೆ. ಚುಕ್ಕೆಗಳ ನಡುವೆ ದಾರದಂತೆ ನೆರಳಿನ ದಾರಿಗಳು. ಹೆರಿಗೆ ಆಸ್ಪತ್ರೆಗೆ ಹೋಗುವ ದಾರಿಯೊಂದು ಗಾಣದ ಓಣಿಯ ತುದಿಯಲ್ಲಿ ಒಂದೇ ಒಂದು ದೊಡ್ಡ ಹಸಿರು ಚುಕ್ಕೆಯನ್ನು ಹಿಡಿದುಕೊಂಡು ದಾಟುತ್ತಿತ್ತು. ಅತ್ತ ಬಯಲು, ಇತ್ತ ಬಯಲು, ನಡುವೆ ಅದೊಂದೇ ಮೆಟ್ಟಿಲು. ಹೊಂಗೆ.

ಅವನು ಕೂಲರಿನ ಹೊಟ್ಟೆಯೊಳಗೆ ಕೈ ಹಾಕಿದ್ದರೂ ಕಣ್ಣು ಗೋಡೆಯ ಮೇಲೇ ಇತ್ತು. ಆ ಚುಕ್ಕೆ ಹಳದಿಗೆ ತಿರುಗಿತು. ಜುಬೇದಾ ತನ್ನ ಮೇಜಿನಿಂದ ಕರೆದಳು. ಏನೂ ಆಗಲಿಲ್ಲ. ಮತ್ತೆ ಕರೆದಳು.

“ಅಕ್ಕಾ, ನಿಮ್ಮವರು ನನ್ನ ಮಾತು ಕೇಳಲ್ಲ, ನೀನೇ ಬಾ!”

ಹುಲಿಗೆಮ್ಮ ಎದ್ದು ಬಂದಳು. ಗಂಡನ ಕಡೆ ನೋಡಲಿಲ್ಲ. ಗುಂಡಿಯ ಮೇಲೆ ಬೆರಳಿಟ್ಟಳು. ಟಕ್. ಒಂದು ಉಸಿರಿನಷ್ಟು ತಡೆದಳು. ಟಕ್‌ಟಕ್.

ಚುಕ್ಕೆ ನೀರು ಕುಡಿದ ಪೈರಿನಂತೆ ಹಸಿರಾಯಿತು.

“ನೋಡಿದ್ರಾ ಅಣ್ಣಾ? ಇಡೀ ಕೋಣೇಲಿ ಯಾರು ಕರೆದ್ರೂ ಈ ಗಿಡ ಓಗೊಡಲ್ಲ. ಅಕ್ಕ ಕರೆದ್ರೆ ಅರೆಕ್ಷಣ. ಏನು ಮೋಡಿ ಹಾಕ್ಯಾಳೋ!”

“ಮೋಡಿಯೂ ಇಲ್ಲ ಮಣ್ಣೂ ಇಲ್ಲ,” ಎಂದಳು ಹುಲಿಗೆಮ್ಮ. “ನೀವು ಕರೀತೀರಿ, ನೀರು ಬಿಡೋದು ತಡ ಮಾಡ್ತೀರಿ. ನಾನು ಯಾವತ್ತೂ ಕರೆದು ಕಾಯಿಸಿಲ್ಲ. ನನ್ನ ತಟ್ಟು ಬೇರೆ, ಅದು ಗೊತ್ತಾಗೈತೆ ಅವರಿಗೆ. ಮುಟ್ಟಿದರೆ ಮುನಿ ಮುದುಡೋದು ಕಲಿತಂಗೆ ಇವರು ತೆರೆಯೋದು ಕಲಿತಾರೆ.”

ಎರ್ರಿಸ್ವಾಮಿಗೆ ಮಿಕ್ಕಿದ್ದು ಕೇಳಿಸಲಿಲ್ಲ. ಆ ತಟ್ಟು ಅವನ ಕಿವಿಯಲ್ಲೇ ನಿಂತಿತ್ತು. ಟಕ್, ಟಕ್‌ಟಕ್. ಮದುವೆಯಾದ ಹೊಸದರಲ್ಲಿ ಬುತ್ತಿ ತಂದು ಅವಳು ಅಂಗಡಿಯ ಶಟರ್ ತಟ್ಟುತ್ತಿದ್ದದ್ದು ಹೀಗೇ. ಬಿಸಿಲಿಗೆ ಶಟರ್ ಎಳೆದುಕೊಂಡು ಒಳಗೆ ಇಸ್ಪೀಟು ಹಾಕುತ್ತಿದ್ದ ಗೆಳೆಯರು ‘ಬಂತಲೇ ನಿನ್ನ ಟೆಲಿಗ್ರಾಮು’ ಎಂದು ಚೇಷ್ಟೆ ಮಾಡುತ್ತಿದ್ದರು. ಅವನು ‘ಈ ಆಟ ಮುಗೀಲಿ’ ಅನ್ನುತ್ತಿದ್ದ. ಅವಳು ಹೊರಗೆ ಕಾದ ತಗಡಿನ ಪಕ್ಕ ನಿಂತಿರುತ್ತಿದ್ದಳು. ಯಾವಾಗಲೋ ಬುತ್ತಿ ಬರುವುದು ನಿಂತಿತು. ಅವನು ಖಾನಾವಳಿಯಲ್ಲಿ ಉಣ್ಣತೊಡಗಿದ, ಅಷ್ಟೇ ಎಂದುಕೊಂಡಿದ್ದ. ಇಷ್ಟು ವರ್ಷ ತಪ್ಪಿಹೋಗಿದ್ದ ತಟ್ಟು ಇಲ್ಲಿ, ಎಲ್ಲರ ಎದುರಿಗೆ, ಒಂದು ಮರದ ಬಾಗಿಲು ತಟ್ಟುತ್ತಿತ್ತು. ಅದು ತೆರೆಯುತ್ತಲೂ ಇತ್ತು.

“ಅದು ನಂದು,” ಎಂದ ಅವನು ಗಟ್ಟಿಯಾಗಿ.

“ಏನದು?” ಎಂದಳು ಹುಲಿಗೆಮ್ಮ.

“ಏನಿಲ್ಲ. ಪಾನಾ.” ನೆಲದ ಮೇಲಿದ್ದ, ನಟ್ಟು ತಿರುಗಿಸುವ ಪಾನಾ ಎತ್ತಿಕೊಂಡು, ಕೂಲರಿನ ಮುಚ್ಚಳ ಹಾಕದೆಯೇ ಹೊರಟ.

ಮಾರನೆಯ ಬೆಳಿಗ್ಗೆ ಅವಳು ಎಷ್ಟೋ ವರ್ಷದ ಮೇಲೆ ಬುತ್ತಿ ಕಟ್ಟಿಟ್ಟಳು. ಅವನು ಮುಟ್ಟಲಿಲ್ಲ. ಕಡ್ಡಿಯನ್ನು ಚೀಲಕ್ಕೆ ತುರುಕಿಕೊಂಡು, ಬಿಸಿಲು ನೆತ್ತಿಗೇರಿದ ಹೊತ್ತಿಗೆ ಗಾಣದ ಓಣಿಗೆ ನಡೆದ. ಅಂದು ಬೆಂಕಿಗಾಳಿಯ ಎಚ್ಚರಿಕೆ ಇತ್ತು. ಸೊಪ್ಪಿನವರೂ ಬಂದಿರಲಿಲ್ಲ. ರಸ್ತೆಯ ಡಾಂಬರು ಬೆಲ್ಲದ ಪಾಕದಂತೆ ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು.

ಹೊಂಗೆ ನಿಂತಿತ್ತು. ಬುಡ ಇಬ್ಬರು ತಬ್ಬಿದರೂ ಸಿಗದಷ್ಟು ದಪ್ಪ. ಅಂದು ಮಾವ ಚಿಗುರು ಮುರಿದಿದ್ದ ಜಾಗ ಎಲ್ಲಾದರೂ ಕಂಡೀತು ಎಂದು ಅವನು ಹುಡುಕಿದ. ಅಂಥದ್ದೇನೂ ಕಾಣಲಿಲ್ಲ. ಮರಕ್ಕೆ ಗಾಯ ನೆನಪಿರಲಿಲ್ಲ, ಅವನಿಗಿತ್ತು.

“ಏನಪ್ಪಾ ಅವರೇ,” ಎಂದ ಸೊಂಟದ ಮೇಲೆ ಕೈಯಿಟ್ಟು. “ಅವಳ ಕೈಗೆ ಮಾತ್ರ ತೆಗೀತೀಯೇನು? ನೋಡೋಣ, ನಿನ್ನ ಪಾತಿವ್ರತ್ಯ ಎಷ್ಟು ಗಟ್ಟಿ ಐತೆ ಅಂತ!”

ಕಡ್ಡಿಯನ್ನು ಬಳೆಗೆ ಚುಚ್ಚಿದ. ಮೊದಲು ಸುಮ್ಮನೆ ತನ್ನ ತಟ್ಟು ತಟ್ಟಿದ. ಎಲೆ ಅಲುಗಲಿಲ್ಲ, ಸೆಕೆ ಇಳಿಯಲಿಲ್ಲ. ಹಲ್ಲು ಕಚ್ಚಿ ಅವಳ ತಟ್ಟು ತಟ್ಟಿದ. ಟಕ್. ಟಕ್‌ಟಕ್.

ಸ್ವಲ್ಪ ಹೊತ್ತಿಗೆ ಮರ ತೆರೆಯಿತು.

ಕಣ್ಣಿಗೆ ಕಾಣುವಂಥದ್ದಲ್ಲ ಅದು. ಬೆವರಿದ ಕತ್ತಿನ ಮೇಲೆ ಯಾರೋ ಒದ್ದೆ ಬಟ್ಟೆ ಹಾಕಿದ ಹಾಗೆ. ಮೂಗಿಗೆ ಹೊಂಗೆ ಹೂವಿನ ಕಹಿ ಮಿಶ್ರಿತ ಕಂಪು. ಉಸಿರು ಹಗುರಾಯಿತು. ಜೀವಮಾನವೆಲ್ಲ ಹುಲ್ಲಿನ ಮೆತ್ತೆಗೆ ನೀರಿಳಿಸಿ, ಮೋಟಾರು ತಿರುಗಿಸಿ, ತಂಪು ಮಾಡುವುದನ್ನೇ ಕಸುಬು ಮಾಡಿಕೊಂಡವನು ಅವನು. ಇಂಥ ತಂಪನ್ನು ಅವನ ಯಾವ ಕೂಲರೂ ಕೊಟ್ಟಿರಲಿಲ್ಲ. ಸಿಟ್ಟು ಇನ್ನೂ ಏರಿತು. ದಿನಾ ಇದನ್ನು ಕರೆಯುವವಳಿಗೆ ನನ್ನ ಕೂಲರಿನ ಗಾಳಿ ಯಾಕೆ ರುಚಿಸೀತು?

“ಹಾದರಗಿತ್ತಿ!” ಎಂದು ಮರವನ್ನು ಬೈದ. “ಯಾರು ತಟ್ಟಿದ್ರೂ ತೆಗೀತೀಯ. ಇಷ್ಟೇ ನಿನ್ನ ಯೋಗ್ಯತೆ. ಇದನ್ನೇ ಹೇಳ್ತೀನಿ ಅವಳಿಗೆ.”

ಹೇಳಲು ಹೋಗಬೇಕಿತ್ತು. ಆದರೆ ಹೊರಗೆ ಬೆಂಕಿ, ಒಳಗೆ ತಂಪು. ಒಂದು ಗಳಿಗೆ ಕೂತು ಹೋಗೋಣವೆಂದು ಬೇರಿಗೆ ಬೆನ್ನು ಕೊಟ್ಟ. ತಂಪು ಕಡಿಮೆಯಾದಂತೆ ಅನಿಸಿದಾಗ ಕಡ್ಡಿಯ ತಟ್ಟನ್ನು ಹಾಗೇ ಮತ್ತೆ ಮತ್ತೆ ಹೊಡೆಯುವಂತೆ ತಿರುಗಿಸಿಟ್ಟ. ಟಕ್, ಟಕ್‌ಟಕ್. ಟಕ್, ಟಕ್‌ಟಕ್. ಕಣ್ಣು ಮುಚ್ಚಿದರೆ ಶಟರಿನ ಹೊರಗೆ ಯಾರೋ ಬುತ್ತಿ ಹಿಡಿದು ನಿಂತ ಹಾಗಿತ್ತು. ಈ ಸಲ ಅವನು ‘ಬಂದೆ, ಬಂದೆ’ ಎಂದು ಗೊಣಗಿದ. ಹಾಗೇ ನಿದ್ದೆ ಹೋದ.

ಎಚ್ಚರವಾದದ್ದು ಮುಖಕ್ಕೆ ಬಿಸಿಲು ಹೊಡೆದಾಗ. ಹೊಂಗೆಯ ಕೆಳಗೆ ಮಲಗಿದವನಿಗೆ ಬಿಸಿಲು! ಮೈಮೇಲೆ, ಎದೆಯ ಮೇಲೆ, ಬಿಟ್ಟ ಬಾಯಿಯೊಳಗೂ ಎಲೆ. ಮೇಲೆ ನೋಡಿದ. ಉಳಿದಿದ್ದ ಎಲೆಗಳು ಹಂಚಿನ ಮೇಲೆ ಮರೆತ ಹಪ್ಪಳದಂತೆ ಸುರುಟಿಕೊಂಡಿದ್ದವು. ಕಡ್ಡಿ ಇನ್ನೂ ತಟ್ಟುತ್ತಲೇ ಇತ್ತು. ಕಿತ್ತೆಸೆದು ಕಾಂಡಕ್ಕೆ ಕಿವಿಯಿಟ್ಟ. ಒಳಗೆ ಚಿಟ್, ಚಿಟ್ ಎಂದು ಏನೋ ಸಿಡಿಯುತ್ತಿತ್ತು. ಆ ಸದ್ದು ಅವನಿಗೆ ಗೊತ್ತು. ತೊಟ್ಟಿಯಲ್ಲಿ ನೀರು ಖಾಲಿಯಾದರೂ ಓಡಿದ ಪಂಪು ಕೊಳವೆಗೆ ಗಾಳಿ ಎಳೆದುಕೊಳ್ಳುತ್ತದೆ. ಒಮ್ಮೆ ಗಾಳಿ ಹಿಡಿಯಿತೆಂದರೆ ಆಮೇಲೆ ಕೆರೆಯನ್ನೇ ತಂದು ಸುರಿದರೂ ನೀರು ಮೇಲೇರುವುದಿಲ್ಲ. ಪಂಪಾದರೆ ಬಿಚ್ಚಿ, ಗಾಳಿ ತೆಗೆದು ಕೂಡಿಸಬಹುದು. ಮರವನ್ನು ಬಿಚ್ಚುವ ಪಾನಾ ಅವನ ಚೀಲದಲ್ಲಿರಲಿಲ್ಲ.

ಕಡ್ಡಿ ಕಿತ್ತ ಕೂಡಲೇ ಕೊಳವೆಯ ಬೀಗ ಬಿಚ್ಚಿತು. ಯಾರೋ ಅಲ್ಲಿ, ಕೋಣೆಯಲ್ಲಿ, ಇದ್ದಬದ್ದ ನೀರನ್ನೆಲ್ಲ ಒಮ್ಮೆಲೇ ಬಿಟ್ಟರು. ಬುಡ ಕೆಸರಾಯಿತು. ಟಕ್, ಟಕ್‌ಟಕ್ ಎಂದು ಬಳೆ ಮಿಡಿಯಿತು. ಮತ್ತೆ ಮಿಡಿಯಿತು. ಒಂದು ಹಿಡಿ ಎಲೆ ಉದುರಿತು. ಬಳೆ ಮಿಡಿಯುತ್ತಲೇ ಇತ್ತು. ಎರ್ರಿಸ್ವಾಮಿ ಎರಡೂ ಕಿವಿ ಮುಚ್ಚಿಕೊಂಡು ಅಲ್ಲಿಂದ ಓಡಿದ.

ಸಂಜೆ ಅವನು ಮನೆಯಲ್ಲಿ ದೀಪ ಹಾಕದೆ ಕೂತಿದ್ದ. ಬೈಗುಳಗಳಿಗೆ ಸಿದ್ಧನಾಗಿದ್ದ. ಬೈದರೆ ತಿರುಗಿ ಬೈಯಲು ನಾಲ್ಕು ಮಾತನ್ನೂ ಹೊಂದಿಸಿಟ್ಟುಕೊಂಡಿದ್ದ. ಬೀದಿ ಬಾಗಿಲು ತೆರೆದು ಹುಲಿಗೆಮ್ಮ ಬಂದಳು. ಸೀರೆಯ ಅಂಚಿಗೆ ಕೆಸರು, ಸೆರಗಿಗೆ ಅಂಟಿದ ಒಣ ಎಲೆ. ಅಲ್ಲಿಗೆ ಹೋಗಿ ಬಂದಿದ್ದಾಳೆ ಎಂದು ಕೇಳಬೇಕಾಗಿರಲಿಲ್ಲ.

“ಊಟ ಮಾಡಿದ್ರಾ?”

ಯಾರನ್ನು ಕೇಳಿದಳೋ ಎಂದು ಎರ್ರಿಸ್ವಾಮಿ ತಿರುಗಿ ಹಿಂದೆ ನೋಡಿದ. ಹಿಂದೆ ಗೋಡೆ ಇತ್ತು.

“ನಿಮ್ಮನ್ನೇ ಕೇಳಿದ್ದು. ಬೆಳಿಗ್ಗೆ ಬುತ್ತಿ ಬಿಟ್ಟು ಹೋಗಿದ್ರಿ.”

“ಏಯ್, ಹಂಗೆಲ್ಲ ಮಾತಾಡಬೇಡ. ಬೈಯೋದಿದ್ರೆ ಬೈದುಬಿಡು.”

“ಬೈಯೋದೇನೈತೆ.” ಅವಳು ಗಡಿಗೆಯಿಂದ ನೀರು ಬಗ್ಗಿಸಿ ಅವನ ಮುಂದಿಟ್ಟಳು, ಮನೆಗೆ ಬಂದ ನೆಂಟರಿಗೆ ಇಡುವ ಹಾಗೆ. “ಮಧ್ಯಾಹ್ನ ನಕ್ಷೇಲಿ ಬೂದು ಬಂತು. ಜುಬೇದಾ ಗಾಬರಿಯಾದ್ಲು, ಇಂಥ ಬಿಸಿಲಲ್ಲಿ ಕೊಳವೆ ಬೀಗ ಬಿತ್ತಲ್ಲಕ್ಕಾ, ಯಾರನ್ನಾದ್ರೂ ಓಡಿಸೋಣ ಅಂದ್ಲು. ನಾನೇ ಬೇಡ ಅಂದೆ. ‘ಅವರು ಹೋಗ್ಯಾರೆ, ಅವರಿದ್ರೆ ಚಿಂತೆಯಿಲ್ಲ’ ಅಂದೆ.”

ಎರ್ರಿಸ್ವಾಮಿ ತಲೆಯೆತ್ತಿದ. “ಯಾರು… ಯಾರನ್ನ ಅವರು ಅಂದಿ?”

“ನಿಮ್ಮನ್ನ.”

ನೀರಿನ ಲೋಟ ಅವನ ಕೈಯಲ್ಲಿ ಹಾಗೇ ನಿಂತಿತು. ಇಷ್ಟು ವರ್ಷ ಕಾದ ಮಾತು ಅವನಿಲ್ಲದ ಕಡೆ, ಅವನು ಗೊರಕೆ ಹೊಡೆಯುವ ಹೊತ್ತಿನಲ್ಲಿ ಬಂದು ಹೋಗಿತ್ತು.

“ಹುಲಿಗಿ, ಅದು ಮತ್ತೆ ಚಿಗುರಬಹುದು. ಬೇಸಿಗೆ ಕಳೀಲಿ. ನಾನೇ ದಿನಾ ನೀರು ಹೊಯ್ತೀನಿ.”

“ಗಾಳಿ ಹಿಡಿದ ಪಂಪು ನೀವು ನೋಡಿಲ್ವಾ?”

ಅವನು ನೋಡಿದ್ದ. ಕುಡಿಯದ ಲೋಟವನ್ನು ಕೆಳಗಿಟ್ಟ.

“ಆಮೇಲೆ ಒಬ್ಬಳು ಬಸುರಿ ಆಸ್ಪತ್ರೆಗೆ ಹೊರಟಿದ್ಲು,” ಎಂದಳು ಹುಲಿಗೆಮ್ಮ, ಹಗ್ಗದ ಮೇಲಿದ್ದ ಒಣಗಿದ ಸೀರೆಯೊಂದನ್ನು ಎಳೆದುಕೊಳ್ಳುತ್ತ. “ದಾರಿ ಕೇಳಿದ್ಲು. ಗಾಣದ ಓಣಿ ತನಕ ಹೇಳಿದೆ. ಮುಂದೆ ಏನು ಹೇಳಲಿ? ಮನೇಲೇ ಇರವ್ವ, ಸೂರ್ಯ ಇಳೀಲಿ ಅಂದೆ. ನೋವು ಕಾಯುತ್ತಾ ಅಂತ ಕೇಳಿದ್ಲು.”

“ಸಾಕು ಬಿಡೇ!” ಎಂದು ಅವನು ಕೂಗಿದ. “ಗಿಡ ಅದು! ಗಿಡ! ನಾನು ಮನುಷ್ಯ. ನಿನಗೆ ತಾಳಿ ಕಟ್ಟಿದವನು ನಾನು.”

“ಹೌದು. ನೀವೇ ಕಟ್ಟಿದ್ದು.” ಅವಳ ದನಿಯಲ್ಲಿ ಕುಹಕವಿರಲಿಲ್ಲ. ಸೆರಗಿಗೆ ಅಂಟಿದ್ದ ಎಲೆಯನ್ನು ಬಿಡಿಸಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. “ಅವತ್ತು ಜೋಯಿಸರು ಒಂದು ಶಾಸ್ತ್ರ ಬಾಕಿ ಬಿಟ್ಟಿದ್ರಂತೆ. ತಲೆ ಮೇಲೆ ನೀರು ಹಾಕ್ಕೊಂಡು ಬರ್ತೀನಿ. ನೀವು ಉಂಡು ಮಲಗ್ರಿ.”

ಒಣ ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಹೊರಟಳು.

ಹೋಗಲಿ, ಸ್ನಾನ ಮಾಡಿದರೆ ತಲೆ ತಣ್ಣಗಾದೀತು ಎಂದುಕೊಂಡ ಎರ್ರಿಸ್ವಾಮಿ. ತಟ್ಟೆ ಹಾಕಿದ, ಅವಳಿಗೂ ಒಂದು ಹಾಕಿದ. ಬೆಳಗಿನ ಬುತ್ತಿ ಬಿಚ್ಚಿ ರೊಟ್ಟಿಯನ್ನು ಎರಡು ಪಾಲು ಮಾಡಿದ. ಬಂದ ಕೂಡಲೇ ಏನು ಹೇಳಬೇಕೆಂದು ಮನಸ್ಸಿನಲ್ಲೇ ತಿರುವಿ ಹಾಕಿದ. ‘ತಪ್ಪಾಯ್ತು’ ಎಂಬುದು ನಾಲಿಗೆಗೆ ಹೊಸ ಮಾತು. ಎರಡು ಸಲ ಬಾಯೊಳಗೇ ಹೇಳಿ ನೋಡಿದ, ಸರಿಯಾಗಿಯೇ ಬಂತು.

ಬಚ್ಚಲಿನಿಂದ ನೀರಿನ ಸದ್ದು ಬರುತ್ತದೆಯೇ ಎಂದು ಕಿವಿಗೊಟ್ಟು ಕೂತ. ರೊಟ್ಟಿ ಒಣಗಿತು. ಆಗ ಅವನಿಗೆ ಹೊಳೆಯಿತು: ಬಚ್ಚಲು ಇದ್ದದ್ದು ಹಿತ್ತಿಲಲ್ಲಿ, ಅವಳು ಹೋದದ್ದು ಬೀದಿ ಬಾಗಿಲಿನಿಂದ.